ಡಿಕ್ಕಿ ಎತ್ತಿ ಹಿಡಿಯುವ ಗಾಳಿ

ಹದಿನೈದು ವರ್ಷ ದಾಟಿದ ಹ್ಯಾಚ್‌ಬ್ಯಾಕ್ ಕಾರಿನ ಡಿಕ್ಕಿಯಲ್ಲಿ ಸ್ಟೆಪ್ನಿ, ಜ್ಯಾಕು, ಒರೆಸುವ ಹಳೇ ಬನಿಯನ್ನುಗಳ ಜೊತೆಗೆ ಒಂದು ಕೋಲೂ ಇರುವುದು ಸಾಮಾನ್ಯ. ಅದು ಪೊರಕೆಯ ಹಿಡಿಯೋ, ಮುರಿದ ವಿಕೆಟ್ಟೋ, ಅಳತೆಗೆ ಕತ್ತರಿಸಿದ ಪಿವಿಸಿ ಪೈಪೋ ಆಗಿರಬಹುದು. ಬಾಗಿಲನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಕೋಲು ತಡಕಾಡಿ, ಆಸರೆ ಕೊಟ್ಟು, ಆಮೇಲೆ ತಲೆ ಒಳಗೆ ಹಾಕಿ ಸಾಮಾನು ತೆಗೆಯಬೇಕು. ಕೋಲು ಜಾರಿದರೆ ನೆತ್ತಿ ಸುಟ್ಟಂತೆ ಪೆಟ್ಟು. ಕಾರು ಮಾರುವಾಗ ಆ ಕೋಲನ್ನೂ ಕೀಲಿಕೈ ಜೊತೆಯಲ್ಲೇ ಹೊಸ ಮಾಲೀಕನಿಗೆ ದಾಟಿಸುವವರಿದ್ದಾರೆ.

ಆ ಬಾಗಿಲಿನ ಎಡಬಲದಲ್ಲಿ ಒಂದೊಂದು ಕಪ್ಪು ಕೊಳವೆ ಇರುತ್ತದೆ. ಕೈಬೆರಳಿನಷ್ಟು ದಪ್ಪ, ಅದರ ಒಂದು ತುದಿಯಿಂದ ಪೆನ್ಸಿಲಿನಷ್ಟು ದಪ್ಪದ ನುಣುಪಾದ ರಾಡು ಹೊರಗೆ ಚಾಚಿರುತ್ತದೆ. ಇದು ಗ್ಯಾಸ್ ಸ್ಟ್ರಟ್. ಗ್ಯಾರೇಜಿನಲ್ಲಿ ‘ಡಿಕ್ಕಿ ಶಾಕ್’ ಎಂದರೆ ತಕ್ಷಣ ಅರ್ಥವಾಗುತ್ತದೆ. 1998-99ರ ಆಸುಪಾಸಿನಲ್ಲಿ ನಮ್ಮ ರಸ್ತೆಗಿಳಿದ ಸ್ಯಾಂಟ್ರೊ, ಇಂಡಿಕಾ, ವ್ಯಾಗನ್ ಆರ್‌ಗಳು ಈ ಜೋಡಿಯನ್ನು ಇನ್ನಷ್ಟು ಮಧ್ಯಮವರ್ಗದ ಮನೆಯಂಗಳಕ್ಕೆ ತಂದವು. ಕಾರಿನ ಎಂಜಿನ್ನಿಗೆ ಎಣ್ಣೆ, ಬ್ಯಾಟರಿಗೆ ನೀರು, ಟೈರಿಗೆ ಗಾಳಿ ಎಂದು ಕಾಳಜಿ ಮಾಡುವವರೂ ಈ ಎರಡು ಕೊಳವೆಗಳ ಕಡೆ ನೋಡುವುದು ಅವು ಸತ್ತ ಮೇಲೆಯೇ.

ಒಳಗೆ ಎಣ್ಣೆ ಇದೆ, ಆ ಎಣ್ಣೆಯೇ ಬಾಗಿಲನ್ನು ಎತ್ತುತ್ತದೆ ಎಂಬುದು ಜನಪ್ರಿಯ ನಂಬಿಕೆ. ಒಳಗೆ ಎಣ್ಣೆ ಇರುವುದು ನಿಜ, ಆದರೆ ಕೆಲವೇ ಮಿಲಿಲೀಟರು. ಅದು ಏನನ್ನೂ ಎತ್ತುವುದಿಲ್ಲ. ಎತ್ತುವ ಕೆಲಸವೆಲ್ಲ ನೈಟ್ರೋಜನ್ನಿನದು. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಪಾಲು ಇರುವ ಅದೇ ಅನಿಲವನ್ನು ಒಣಗಿಸಿ, ಅತಿ ಒತ್ತಡದಲ್ಲಿ ತುಂಬಿ, ಕೊಳವೆಯ ಬಾಯಿ ಶಾಶ್ವತವಾಗಿ ಮುಚ್ಚಿರುತ್ತಾರೆ. ಬರೀ ಗಾಳಿ ತುಂಬಿದರೆ ಆಗದೇ ಎಂದು ಕೇಳಬಹುದು. ಗಾಳಿಯಲ್ಲಿ ತೇವವಿದೆ, ಆಮ್ಲಜನಕವಿದೆ. ತೇವ ಉಕ್ಕನ್ನು ತುಕ್ಕು ಹಿಡಿಸುತ್ತದೆ, ಆಮ್ಲಜನಕ ಎಣ್ಣೆಯನ್ನೂ ರಬ್ಬರನ್ನೂ ಕೆಡಿಸುತ್ತದೆ. ಎಣ್ಣೆಯ ಆವಿಯ ಜೊತೆ ಹೆಚ್ಚು ಒತ್ತಡದಲ್ಲಿ ಆಮ್ಲಜನಕವನ್ನು ಕೂಡಿಹಾಕುವುದು ಡೀಸೆಲ್ ಎಂಜಿನ್ನಿನ ಒಳಗಿನ ಕಥೆ. ಅದನ್ನು ಡಿಕ್ಕಿಯ ಅಂಚಿಗೆ ತರುವುದು ಯಾರಿಗೂ ಬೇಡ.

ಇನ್ನು ಒಳಗಿನ ರಚನೆ. ಸೈಕಲ್ ಪಂಪನ್ನು ನೆನೆಸಿಕೊಂಡವರು, ಪಿಸ್ಟನ್ನಿನ ಹಿಂದೆ ಅನಿಲ ಕೂತು ಅದನ್ನು ಮುಂದೆ ದಬ್ಬುತ್ತದೆ ಎಂದುಕೊಳ್ಳುತ್ತಾರೆ. ಇಲ್ಲಿ ಪಿಸ್ಟನ್ ಇದೆ, ಆದರೆ ಅದರಲ್ಲಿ ಬೇಕೆಂದೇ ಕೊರೆದ ಸಣ್ಣ ರಂಧ್ರವೊಂದಿದೆ. ಆ ರಂಧ್ರದ ಮೂಲಕ ಅನಿಲ ಆಚೀಚೆ ಓಡಾಡುತ್ತದೆ. ಹಾಗಾಗಿ ಪಿಸ್ಟನ್ನಿನ ಎರಡೂ ಬದಿಗೆ ಒತ್ತಡ ಒಂದೇ. ಒತ್ತಡ ಸಮವಾಗಿದ್ದರೆ ರಾಡು ಹೊರಗೆ ಚಿಮ್ಮುವುದೇಕೆ? ಪಿಸ್ಟನ್ನಿನ ಹಿಂಬದಿಯಲ್ಲಿ ಅನಿಲಕ್ಕೆ ಒತ್ತಲು ಇಡೀ ವೃತ್ತ ಸಿಗುತ್ತದೆ. ಮುಂಬದಿಯಲ್ಲಿ ವೃತ್ತದ ನಡುಭಾಗವನ್ನು ರಾಡು ಆಕ್ರಮಿಸಿಕೊಂಡಿದೆ, ಸುತ್ತಲ ಉಂಗುರ ಮಾತ್ರ ಸಿಗುತ್ತದೆ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಉಳಿಯುವುದು ರಾಡಿನ ಅಡ್ಡಕೊಯ್ತದಷ್ಟು ಜಾಗ. ಗ್ಯಾಸ್ ಸ್ಟ್ರಟ್ಟಿನ ಬಲವೆಲ್ಲ ಬರುವುದು ಆ ಪುಟ್ಟ ವೃತ್ತದಿಂದ.

ಲೆಕ್ಕ ಮಾಡಿಯೇ ಬಿಡೋಣ. ಸಣ್ಣ ಹ್ಯಾಚ್‌ಬ್ಯಾಕೊಂದರ ಹಿಂಬಾಗಿಲು, ಗಾಜೂ ಸೇರಿ, 18 ಕೆಜಿ ಎಂದಿಟ್ಟುಕೊಳ್ಳಿ. ಬಾಗಿಲು ಅಡ್ಡಲಾಗಿ ತೆರೆದು ನಿಂತಾಗ ಅದರ ಭಾರಕೇಂದ್ರ ಮೇಲಿನ ಹಿಂಜಿನಿಂದ 45 ಸೆಂಟಿಮೀಟರ್ ದೂರದಲ್ಲಿದೆ. ಅಂದರೆ ಬಾಗಿಲನ್ನು ಕೆಳಗೆ ತಿರುಗಿಸುವ ಟಾರ್ಕು ಸುಮಾರು 79 ನ್ಯೂಟನ್ ಮೀಟರ್. ಸ್ಟ್ರಟ್ಟಿಗೆ ಅಷ್ಟು ಉದ್ದದ ತೋಳು ಇರುವುದಿಲ್ಲ. ಅದು ಹಿಂಜಿನ ಹತ್ತಿರವೇ ಕೂತಿರುತ್ತದೆ. ಆ ತೋಳು 11 ಸೆಂಟಿಮೀಟರ್ ಆದರೆ ಬೇಕಾದ ಬಲ ಸುಮಾರು 720 ನ್ಯೂಟನ್, ಒಂದೊಂದಕ್ಕೆ 360. ಹದಿನೆಂಟು ಕೆಜಿಯ ಬಾಗಿಲನ್ನು ಹಿಡಿದು ನಿಲ್ಲಿಸಲು ಎರಡು ಸ್ಟ್ರಟ್ಟುಗಳು ಸೇರಿ 73 ಕೆಜಿಯ ಭಾರಕ್ಕೆ ಸಮನಾಗಿ ತಳ್ಳುತ್ತಿರುತ್ತವೆ ಅಂದಾಯಿತು. ರಾಡಿನ ವ್ಯಾಸ 8 ಮಿಲಿಮೀಟರ್. ಅಡ್ಡಕೊಯ್ತ ಬರೀ 50 ಚದರ ಮಿಲಿಮೀಟರ್. ಅಷ್ಟು ಜಾಗದಿಂದ 360 ನ್ಯೂಟನ್ ಹುಟ್ಟಬೇಕಾದರೆ ಒಳಗಿನ ಒತ್ತಡ ವಾತಾವರಣದ ಒತ್ತಡದ ಎಪ್ಪತ್ತು ಪಟ್ಟು ಇರಬೇಕು. ಅದೇ ಕಾರಿನ ಟೈರಿನೊಳಗೆ ನಾವು ಹೊಸದಾಗಿ ತುಂಬಿಸುವುದು ಎರಡು ಪಟ್ಟಿಗಿಂತ ತುಸು ಹೆಚ್ಚು, ಅಷ್ಟೇ.

ಈ ಎಪ್ಪತ್ತು ಪಟ್ಟು ಒತ್ತಡವನ್ನು ವರ್ಷಗಟ್ಟಲೆ ಹಿಡಿದಿಟ್ಟಿರುವುದು ಕೊಳವೆಯ ಬಾಯಲ್ಲಿ, ರಾಡನ್ನು ತಬ್ಬಿಕೊಂಡಿರುವ ಒಂದು ರಬ್ಬರ್ ಸೀಲು. ರಾಡು ಜಾರುತ್ತಿರಬೇಕು, ಅನಿಲ ಮಾತ್ರ ಜಾರಬಾರದು. ಎಣ್ಣೆ ಇರುವುದು ಈ ಸೀಲಿಗಾಗಿ. ಸೀಲಿನ ತುಟಿಗೂ ರಾಡಿಗೂ ನಡುವೆ ಎಣ್ಣೆಯ ತೆಳುಪೊರೆಯೊಂದು ನಿಂತಿದ್ದರೆ ರಬ್ಬರು ಸವೆಯುವುದಿಲ್ಲ, ಅನಿಲಕ್ಕೂ ದಾರಿ ಸಿಗುವುದಿಲ್ಲ. ಸ್ಟ್ರಟ್ಟಿನ ಆರೈಕೆ ಎಂದು ಮುಂದೆ ಹೇಳುವುದೆಲ್ಲ ಕೊನೆಗೆ ಈ ಪೊರೆಗೇ ಬಂದು ನಿಲ್ಲುತ್ತದೆ.

ಗಾಳಿಯನ್ನು ಸ್ಪ್ರಿಂಗ್ ಎಂದು ಮೊದಲು ಗಂಭೀರವಾಗಿ ಅಳೆದವನು ರಾಬರ್ಟ್ ಬಾಯ್ಲ್. 1660ರಲ್ಲಿ ಅವನು ಪ್ರಕಟಿಸಿದ ಪುಸ್ತಕದ ಹೆಸರಿನಲ್ಲೇ ‘ಗಾಳಿಯ ಸ್ಪ್ರಿಂಗು’ ಎಂಬ ಮಾತಿದೆ. ಎರಡು ವರ್ಷದ ಬಳಿಕ, ಅದರ ಎರಡನೇ ಆವೃತ್ತಿಯಲ್ಲಿ, ಇಂದು ಎಲ್ಲ ಶಾಲಾಮಕ್ಕಳೂ ಕಲಿಯುವ ನಿಯಮ ಬಂತು: ಉಷ್ಣತೆ ಬದಲಾಗದಿದ್ದರೆ, ಅನಿಲದ ಗಾತ್ರ ಅರ್ಧವಾದಾಗ ಒತ್ತಡ ಇಮ್ಮಡಿ. ಬಾಯ್ಲನ ಪ್ರಯೋಗಕ್ಕೆ ಬೇಕಾದ ಗಾಳಿಪಂಪನ್ನು ಕಟ್ಟಿಕೊಟ್ಟವನು ಅವನ ಸಹಾಯಕ ರಾಬರ್ಟ್ ಹುಕ್. ಎಳೆದಷ್ಟೂ ಬಲ, ಎಂಬ ಲೋಹದ ಸ್ಪ್ರಿಂಗಿನ ನಿಯಮ ಈ ಹುಕ್‌ನದೇ. ಬೇರೆಯವರು ಕದ್ದಾರೆಂದು ಹೆದರಿ 1676ರಲ್ಲಿ ಅದನ್ನು ಅಕ್ಷರಗಳ ಒಗಟಾಗಿ ಅಚ್ಚು ಹಾಕಿಸಿ, 1678ರಲ್ಲಿ ತಾನೇ ಒಗಟು ಬಿಡಿಸಿದ. ಜಗತ್ತಿನ ಎರಡು ಬಗೆಯ ಸ್ಪ್ರಿಂಗುಗಳ ಲೆಕ್ಕ ಒಂದೇ ಪಂಪಿನ ಸುತ್ತ ನಿಂತಿದ್ದ ಇಬ್ಬರಿಂದ ಬಂತು.

ಹುಕ್‌ನ ಸ್ಪ್ರಿಂಗಿಗೂ ಬಾಯ್ಲನ ಸ್ಪ್ರಿಂಗಿಗೂ ಇರುವ ವ್ಯತ್ಯಾಸ ಡಿಕ್ಕಿಯಲ್ಲಿ ಕಣ್ಣಿಗೆ ಕಾಣುತ್ತದೆ. ಉಕ್ಕಿನ ಸ್ಪ್ರಿಂಗನ್ನು ಇಪ್ಪತ್ತು ಸೆಂಟಿಮೀಟರ್ ಅದುಮಿದರೆ ಹತ್ತು ಸೆಂಟಿಮೀಟರಿಗೆ ಅದುಮಿದ್ದರ ಎರಡರಷ್ಟು ತಿರುಗಿ ತಳ್ಳುತ್ತದೆ. ಗ್ಯಾಸ್ ಸ್ಟ್ರಟ್ಟಿನಲ್ಲಿ ಇಡೀ ರಾಡು ಒಳಗೆ ಹೋದರೂ ಅದು ಕಬಳಿಸುವ ಜಾಗ ಸುಮಾರು 10 ಘನ ಸೆಂಟಿಮೀಟರ್. ಒಳಗಿನ ಅನಿಲದ ಗಾತ್ರ 45 ಘನ ಸೆಂಟಿಮೀಟರ್ ಇದ್ದದ್ದು 35 ಆಗುತ್ತದೆ, ಬಲ 360ರಿಂದ 460ರ ಆಸುಪಾಸಿಗೆ ಏರುತ್ತದೆ. ಮುಕ್ಕಾಲು ಪಾಲು ಸಮತಟ್ಟಾದ ಬಲ, ಅದೂ ಪೊರಕೆಕಡ್ಡಿಯಂಥ ಶರೀರದಲ್ಲಿ. 1961ರಲ್ಲಿ ರೆನೊ 4, 1965ರಲ್ಲಿ ರೆನೊ 16 ಬಂದು ಹಿಂದೆ ದೊಡ್ಡ ಬಾಗಿಲಿನ ಕಾರುಗಳು ಯುರೋಪಿನಲ್ಲಿ ಹರಡತೊಡಗಿದ ಕಾಲಕ್ಕೇ ಜರ್ಮನಿಯ ಕೊಬ್ಲೆನ್ಸ್ ನಗರದ ಸ್ಟಾಬಿಲಸ್ ಕಂಪನಿ ಗ್ಯಾಸ್ ಸ್ಪ್ರಿಂಗುಗಳನ್ನು ರಾಶಿರಾಶಿಯಾಗಿ ತಯಾರಿಸಲು ಶುರುಮಾಡಿತು. ಬಾಗಿಲು ದೊಡ್ಡದಾಗುತ್ತ ಹೋದಂತೆ ಹಳೆಯ ತಿರುಚು ಸರಳುಗಳೂ ಸುರುಳಿ ಸ್ಪ್ರಿಂಗುಗಳೂ ಹಿಂದೆ ಸರಿದವು.

ಬಾಗಿಲು ಮುಚ್ಚಿರುವಾಗ ಸ್ಟ್ರಟ್ಟು ಅತಿ ಹೆಚ್ಚು ಬಲದಿಂದ ತಳ್ಳುತ್ತಿದ್ದರೂ ಬಾಗಿಲು ತಾನೇ ತೆರೆದುಕೊಳ್ಳುವುದಿಲ್ಲವಲ್ಲ! ಬಾಗಿಲು ಕೆಳಗಿಳಿದಂತೆ ಸ್ಟ್ರಟ್ಟಿನ ಗೆರೆ ಹಿಂಜಿನ ಹತ್ತಿರ ಹತ್ತಿರ ಸರಿಯುತ್ತದೆ. ಹನ್ನೊಂದು ಸೆಂಟಿಮೀಟರಿನ ತೋಳು ಒಂದೆರಡು ಸೆಂಟಿಮೀಟರಿಗೆ ಕುಗ್ಗುತ್ತದೆ; ಕೆಲವು ಕಾರುಗಳಲ್ಲಿ ಹಿಂಜನ್ನು ದಾಟಿ ಆಚೆಗೂ ಹೋಗಿ, ಬಾಗಿಲನ್ನು ಮುಚ್ಚುವ ಕಡೆಗೇ ಅದುಮುತ್ತದೆ. ಅದಕ್ಕೇ ಡಿಕ್ಕಿ ತೆರೆಯುವಾಗ ಮೊದಲ ಗೇಣು ನಮ್ಮ ಕೈ ಎತ್ತಬೇಕು, ಆಮೇಲಿನದನ್ನು ಸ್ಟ್ರಟ್ಟು ನೋಡಿಕೊಳ್ಳುತ್ತದೆ. ಅಂದ ಹಾಗೆ, ಆ ಎತ್ತುವ ಶಕ್ತಿ ಬಂದದ್ದು ಕಳೆದ ಸಲ ಡಿಕ್ಕಿ ಮುಚ್ಚಿದವರ ತೋಳಿನಿಂದ ಮತ್ತು ಆಗ ಕೆಳಗಿಳಿದ ಬಾಗಿಲಿನ ಭಾರದಿಂದ.

ಮೆಕ್ಯಾನಿಕ್ ಹತ್ತಿರ ಒಯ್ದಾಗ ಸರಿಯಾಗಿಯೇ ಇರುತ್ತದೆ, ಬೆಳಿಗ್ಗೆ ಮಾತ್ರ ಬಾಗಿಲು ಬೀಳುತ್ತದೆ ಎಂಬ ದೂರು ನಿಮ್ಮದಾಗಿದ್ದರೆ ನಿಮ್ಮ ಮಾತು ನಿಜವೇ. ಮುಚ್ಚಿದ ಪಾತ್ರೆಯಲ್ಲಿ ಗಾಳಿ ಬಿಸಿಯಾದಂತೆ ಒತ್ತಡ ಏರುವುದನ್ನು ಹದಿನೆಂಟನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಗಿಯೋಮ್ ಅಮೊಂಟೊನ್ ಅಳೆದಿದ್ದ. ಚಿಕ್ಕಂದಿನಲ್ಲೇ ಕಿವಿ ಕೇಳದಾದ ಈತ, ತಂಪು ಮಾಡುತ್ತ ಹೋದರೆ ಒತ್ತಡ ಪೂರ್ತಿ ಇಲ್ಲವಾಗುವ ಘಟ್ಟವೊಂದು ಬರಬೇಕೆಂದೂ ಊಹಿಸಿದ್ದ. ಆ ಘಟ್ಟದಿಂದ, ಅಂದರೆ ಸೊನ್ನೆಗಿಂತ 273 ಡಿಗ್ರಿ ಕೆಳಗಿನಿಂದ, ಎಣಿಸಿದರೆ ಬೆಂಗಳೂರಿನ ಡಿಸೆಂಬರ್ ಮುಂಜಾನೆಯ 15 ಡಿಗ್ರಿ ಎಂದರೆ 288. ಕಲಬುರಗಿಯ ಮೇ ತಿಂಗಳ ಮಧ್ಯಾಹ್ನದ 42 ಡಿಗ್ರಿ ಎಂದರೆ 315. ಒತ್ತಡ ಇದೇ ಅನುಪಾತದಲ್ಲಿ ಹೆಚ್ಚುತ್ತದೆ, ನೂರಕ್ಕೆ ಒಂಬತ್ತರಷ್ಟು. ಸ್ಟ್ರಟ್ಟಿನ ಮೇಲೆ ಅಚ್ಚಾಗಿರುವ ಬಲ 20 ಡಿಗ್ರಿಯಲ್ಲಿ ಅಳೆದದ್ದು. 360 ನ್ಯೂಟನ್ನಿನ ಸ್ಟ್ರಟ್ಟು ಕಲಬುರಗಿಯಲ್ಲಿ 387 ಆದರೆ ಬೆಂಗಳೂರಿನ ಚಳಿಯಲ್ಲಿ 354. ಮಿಚಿಗನ್ನಿನ ಕನ್ನಡಿಗರ ಕಾರಿನಲ್ಲಿ, ಹೊರಗೆ ಮೈನಸ್ 20 ಇದ್ದರೆ, 311ಕ್ಕೆ ಇಳಿಯುತ್ತದೆ. ಅಲ್ಲಿ ಚಳಿಗಾಲದಲ್ಲಿ ಬಾಗಿಲು ಬಿದ್ದ ಮಾತ್ರಕ್ಕೆ ಸ್ಟ್ರಟ್ಟು ಸತ್ತಿದೆ ಎನ್ನಲಾಗದು. ನಮ್ಮಲ್ಲಿ ಮುಂಜಾನೆ ಬೀಳುತ್ತಿದ್ದರೆ ಸಾಯುವ ದಾರಿಯಲ್ಲಿದೆ ಎನ್ನಬಹುದು. ಹಾಗಾಗಿ ಪರೀಕ್ಷೆ ಮಾಡುವುದಾದರೆ ಸೂರ್ಯ ಏರುವ ಮೊದಲು, ಕಾರು ಸಮತಟ್ಟು ನೆಲದಲ್ಲಿ ನಿಂತಿರುವಾಗ ಮಾಡಬೇಕು.

ಸಾವು ನಿಧಾನವಾಗಿ ಬರುವುದರಿಂದಲೇ ಮೋಸ. ಬಲ ನೂರಕ್ಕೆ ಇಪ್ಪತ್ತರಷ್ಟು ಇಳಿದರೂ ನಮ್ಮ ಲೆಕ್ಕದ ಬಾಗಿಲಿನ ತುದಿಯಲ್ಲಿ ಕೈಗೆ ತಗಲುವ ಹೆಚ್ಚುವರಿ ಭಾರ ಎರಡೇ ಕೆಜಿ. ಯಾರೂ ಗಮನಿಸುವುದಿಲ್ಲ. ಮೊದಲು ಬಾಗಿಲು ಮೇಲೇರಲು ಬೇಸರಪಡುತ್ತದೆ, ಆಮೇಲೆ ಕೊನೆಯ ಗೇಣು ಕೈಯಿಂದ ತಳ್ಳಿಸಿಕೊಳ್ಳುತ್ತದೆ, ಒಂದು ದಿನ ಗಾಳಿ ಬೀಸಿದಾಗ ಧಡಾರನೆ ಬರುತ್ತದೆ. ಏನೂ ಬಳಸದೆ ಇಟ್ಟರೂ ನೈಟ್ರೋಜನ್ ಅಣುಗಳು ರಬ್ಬರಿನೊಳಗಿಂದ ಒಂದೊಂದಾಗಿ ನುಸುಳುತ್ತಲೇ ಇರುತ್ತವೆ, ಅದನ್ನು ತಡೆಯಲಾಗದು. ತಡೆಯಬಹುದಾದ ಸಾವು ಬೇರೆ ಇದೆ: ರಾಡಿನ ಮೈಮೇಲೆ ಆಗುವ ಗಾಯ.

ರಾಡನ್ನು ಕನ್ನಡಿಯಂತೆ ನುಣುಪು ಮಾಡಿ ಕ್ರೋಮ್ ಲೇಪಿಸಿರುತ್ತಾರೆ, ಇಲ್ಲವೇ ನೈಟ್ರೈಡ್ ಮಾಡಿ ಕಪ್ಪಗೆ ಗಟ್ಟಿಗೊಳಿಸಿರುತ್ತಾರೆ. ಅದರ ಮೇಲೆ ಒಂದು ಗೀರು ಬಿದ್ದರೆ, ಬಾಗಿಲು ತೆರೆದು ಮುಚ್ಚುವ ಪ್ರತಿ ಸಲವೂ ಆ ಗೀರು ಸೀಲಿನ ತುಟಿಯನ್ನು ತರಚುತ್ತದೆ. ಮಂಗಳೂರು, ಕಾರವಾರದ ಕಡೆ ಉಪ್ಪುಗಾಳಿಗೆ ರಾಡಿನ ಮೇಲೆ ಸಾಸಿವೆಗಿಂತ ಚಿಕ್ಕ ತುಕ್ಕಿನ ಗುಳಿಗಳು ಏಳುತ್ತವೆ. ಉಗುರು ಎಳೆದರೆ ತಡೆಯುವುದು ಗೊತ್ತಾಗುತ್ತದೆ. ಒಳನಾಡಿನಲ್ಲಿ ಕೆಮ್ಮಣ್ಣಿನ ಧೂಳು ಅದೇ ಕೆಲಸ ಮಾಡುತ್ತದೆ. ಇದಕ್ಕೆ ಮದ್ದು ಸರಳ. ಕಾರು ತೊಳೆದ ಮೇಲೆ ಡಿಕ್ಕಿ ಎತ್ತಿ, ಮೆತ್ತನೆಯ ಒಣಬಟ್ಟೆಯಿಂದ ರಾಡನ್ನು ಒರೆಸಿದರೆ ಸಾಕು. ಗ್ರೀಸು ಹಚ್ಚಬಾರದು, ಅದು ಧೂಳನ್ನು ಕರೆದು ಕೂರಿಸಿಕೊಂಡು ಉಪ್ಪುಕಾಗದವಾಗುತ್ತದೆ. ಕೀಲುಗಳಿಗೆ ಸಿಂಪಡಿಸುವ ಡಬ್ಬಿಯ ಎಣ್ಣೆ, ಪೆಟ್ರೋಲು, ಪಾಲಿಶು ಯಾವುದೂ ಬೇಡ. ರಾಡಿಗೆ ಬೇಕಾದ ಎಣ್ಣೆ ಒಳಗೇ ಇದೆ. ಗ್ರೀಸು ಹಚ್ಚಲೇಬೇಕೆಂಬ ಕೈತುರಿಕೆ ಇರುವವರು ಎರಡು ತುದಿಯ ಗುಂಡುಕೀಲಿನ ಬಟ್ಟಲಿಗೆ ಚೂರು ಹಚ್ಚಿ ತೃಪ್ತಿಪಡಲಿ. ಡೆಂಟಿಂಗ್ ಪೇಂಟಿಂಗಿಗೆ ಬಿಟ್ಟಾಗ ರಾಡಿಗೆ ಕಾಗದ ಸುತ್ತಲು ಹೇಳಿ. ಪೇಂಟಿನ ಒಂದು ಹನಿ ಒಣಗಿ ಕೂತರೆ ಸೀಲಿನ ಆಯಸ್ಸು ಮುಗಿಯಿತು. ಬಾಗಿಲನ್ನು ಒಂದು ಮೂಲೆ ಹಿಡಿದು ಒದರಿ ಮುಚ್ಚುವುದು, ರಾಡಿಗೆ ಚೀಲ ತೂಗುಹಾಕುವುದು ಕೂಡ ಒಳ್ಳೆಯದಲ್ಲ. ಈ ಕೊಳವೆ ಉದ್ದಕ್ಕೆ ಬಲ ತಡೆಯುತ್ತದೆ, ಪಕ್ಕಕ್ಕೆ ತಡೆಯುವುದಿಲ್ಲ.

ರಾಡಿನ ಮೇಲೆ ಎಣ್ಣೆಯ ಪಸೆ ಒಸರಿ ಧೂಳು ಮೆತ್ತಿಕೊಂಡಿದ್ದರೆ ಸೀಲು ಹೋಗಿದೆ. ಅಲ್ಲಿಗೆ ಆರೈಕೆಯ ಮಾತು ಮುಗಿಯಿತು, ಬದಲಾಯಿಸುವುದೇ ದಾರಿ. ‘ಗ್ಯಾಸ್ ರೀಫಿಲ್’ ಮಾಡಿಕೊಡುತ್ತೇವೆ ಎನ್ನುವವರು ಸಿಗುತ್ತಾರೆ. ಕಾರ್ಖಾನೆಯ ಯಂತ್ರಗಳಿಗೆ ಬರುವ ಕೆಲವು ಗ್ಯಾಸ್ ಸ್ಪ್ರಿಂಗುಗಳಲ್ಲಿ ವಾಲ್ವು ಇರುತ್ತದೆ, ಕಾರಿನ ಡಿಕ್ಕಿಯದರಲ್ಲಿ ಇರುವುದಿಲ್ಲ. ತೂತು ಕೊರೆದು, ತುಂಬಿ, ವೆಲ್ಡ್ ಮಾಡಿದರೂ ಒಳಗಿರುವುದು ಅದೇ ಹರಿದ ಸೀಲು. ನನ್ನನ್ನು ಕೇಳಿದರೆ, ಅದಕ್ಕಿಂತ ಕೋಲೇ ವಾಸಿ.

ಕೊಳ್ಳುವಾಗ ಕಾರಿನ ಹೆಸರು ಹೇಳಿದರೆ ಸಾಲದು. ಹಳೆಯ ಕೊಳವೆಯ ಮೇಲೆ ಮಾಸಿದ ಬಿಳಿ ಅಕ್ಷರದಲ್ಲಿ 0360ಎನ್ ಎಂಬಂತೆ ಬಲ ಅಚ್ಚಾಗಿರುತ್ತದೆ. ಒದ್ದೆಬಟ್ಟೆಯಿಂದ ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದರೆ ಓದಬಹುದು. ಪೂರ್ತಿ ಚಾಚಿದಾಗಿನ ಉದ್ದ, ರಾಡು ಎಷ್ಟು ಒಳಹೋಗುತ್ತದೆ ಎಂಬ ಅಳತೆ, ಈ ಬಲ, ತುದಿಯ ಬಟ್ಟಲಿನ ಮಾದರಿ ಇಷ್ಟೂ ಹೊಂದಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗದ ಬೀದಿಯಲ್ಲಿ, ನಿಂತುಹೋದ ಮಾದರಿಯ ಕಾರಿಗೂ ಏನಾದರೊಂದು ಸಿಕ್ಕೀತು. ಆದರೆ ‘ಇದು ಇನ್ನೂ ಗಟ್ಟಿ ಸರ್’ ಎಂದು ಹೆಚ್ಚು ಬಲದ್ದನ್ನು ಕೈಗಿಟ್ಟರೆ ಬೇಡವೆನ್ನಿ. ಅತಿ ಬಲದ ಸ್ಟ್ರಟ್ಟು ಹಿಂಜನ್ನು ಎಳೆದು ಬಾಗಿಸುತ್ತದೆ, ಬಾಗಿಲಿನ ತಗಡನ್ನು ತಿರುಚುತ್ತದೆ, ಲಾಕು ಬಿಟ್ಟೊಡನೆ ಗದ್ದಕ್ಕೆ ಬಡಿಯುವಂತೆ ಮೇಲೇಳುತ್ತದೆ. ಹಿಂಬದಿಗೆ ಸ್ಪಾಯ್ಲರ್ ಹಾಕಿಸಿ ಭಾರ ಹೆಚ್ಚಿಸಿಕೊಂಡವರಿಗೆ ಮಾತ್ರ ಸ್ವಲ್ಪ ಹೆಚ್ಚಿನದು ನ್ಯಾಯ. ಇನ್ನೊಂದು ಸಂಗತಿ: ಅಂಗಡಿಯ ಅಟ್ಟದಲ್ಲಿ ವರ್ಷಗಟ್ಟಲೆ ಅಡ್ಡ ಬಿದ್ದಿದ್ದ ‘ಹೊಸ’ ಸ್ಟ್ರಟ್ಟು ಹೊಸದಲ್ಲ. ತಯಾರಾದ ಕಾಲದ ಸಂಕೇತ ಕೊಳವೆಯ ಮೇಲಿದ್ದರೆ ನೋಡಿ.

ಬಲ ಅಳೆಯಲು ಮನೆಯ ತೂಕದ ಯಂತ್ರ ಸಾಕು. ಅದರ ಮೇಲೆ ಮರದ ತುಂಡೊಂದನ್ನಿಟ್ಟು, ಸ್ಟ್ರಟ್ಟಿನ ರಾಡನ್ನು ಕೆಳಮುಖ ಮಾಡಿ ನೆಟ್ಟಗೆ ನಿಲ್ಲಿಸಿ, ಮೇಲಿನ ತುದಿಯನ್ನು ದಪ್ಪ ಬಟ್ಟೆಯ ಮೂಲಕ ಎರಡೂ ಅಂಗೈಯಿಂದ ನಿಧಾನವಾಗಿ ಅದುಮಬೇಕು. ರಾಡು ಒಳಗೆ ಜರುಗಲು ಶುರುವಾದ ಗಳಿಗೆಯಲ್ಲಿ ಕಾಣುವ ಕೆಜಿಯನ್ನು 9.8ರಿಂದ ಗುಣಿಸಿದರೆ ಅದೇ ನ್ಯೂಟನ್. ಆರೋಗ್ಯವಂತ 360ರದ್ದು 36-37 ಕೆಜಿ ತೋರಿಸಿಯೇ ಮಣಿಯುತ್ತದೆ. ಸತ್ತದ್ದು ಎರಡು ಬೆರಳಿಗೇ ಮಣಿದು, ಒಳಗೇ ಉಳಿದುಬಿಡುತ್ತದೆ.

ಜೋಡಿಯಾಗಿಯೇ ಬದಲಿಸಬೇಕು. ಒಂದು ಹೊಸದು, ಒಂದು ಹಳೆಯದು ಇದ್ದರೆ ಬಾಗಿಲನ್ನು ಒಂದೇ ಪಕ್ಕದಿಂದ ಎತ್ತಿದಂತಾಗಿ ಅದು ತಿರುಚಿಕೊಳ್ಳುತ್ತದೆ. ಬಾಗಿಲನ್ನು ಪೂರ್ತಿ ತೆರೆದು, ಗಟ್ಟಿಯಾದ ಕೋಲಿನ ಆಸರೆ ಕೊಟ್ಟು, ಇನ್ನೊಬ್ಬರನ್ನು ಹಿಡಿದು ನಿಲ್ಲಲು ಹೇಳಿ. ಪೂರ್ತಿ ತೆರೆದಾಗಲೇ ಏಕೆಂದರೆ, ಸ್ಟ್ರಟ್ಟು ಆಗ ಚಾಚಿ ಮುಗಿದಿರುತ್ತದೆ, ಅದು ಇನ್ನು ಎಲ್ಲಿಗೂ ಚಿಮ್ಮಲಾರದು. ತುದಿಯ ಬಟ್ಟಲಿನ ಹಿಂದೆ ಉಕ್ಕಿನ ತಂತಿಯ ಕ್ಲಿಪ್ಪೊಂದು ಕಾಣುತ್ತದೆ. ಚಿಕ್ಕ ಸ್ಕ್ರೂಡ್ರೈವರಿನ ಮೂತಿಯನ್ನು ಅದರಡಿ ತೂರಿಸಿ ಎರಡು-ಮೂರು ಮಿಲಿಮೀಟರ್ ಎತ್ತಿದರೆ ಸಾಕು, ಬಟ್ಟಲು ಗುಂಡಿನಿಂದ ಕಳಚಿ ಬರುತ್ತದೆ. ಕ್ಲಿಪ್ಪನ್ನು ಪೂರ್ತಿ ಕಿತ್ತರೆ ಅದು ಪಕ್ಕದ ಮನೆಯ ಹೂಕುಂಡದಲ್ಲಿ ಸಿಗುತ್ತದೆ. ಹೊಸದನ್ನು ಗುಂಡಿನ ಮೇಲಿಟ್ಟು ಅಂಗೈಯಿಂದ ಅದುಮಿದರೆ ಟಕ್ ಎಂದು ಕೂರುತ್ತದೆ. ಒಂದು ಬದಿ ಮುಗಿದ ಮೇಲೆಯೇ ಇನ್ನೊಂದಕ್ಕೆ ಕೈ ಹಾಕಬೇಕು. ರಾಡಿನ ಭಾಗವನ್ನು ಇಕ್ಕಳದಿಂದ ಹಿಡಿಯುವವರ ಕೈಗೆ ಈ ಕೆಲಸ ಕೊಡಬೇಡಿ.

ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಬೇಕು, ಯಾಕೆಂದರೆ ಸ್ಟ್ರಟ್ಟಿಗೆ ತಲೆ-ಬಾಲ ಇದೆ. ರಾಡು ಕೆಳಗಿದ್ದರೆ ಒಳಗಿನ ಎಣ್ಣೆ ಇಳಿದು ಸೀಲಿನ ಮೇಲೆ ನಿಲ್ಲುತ್ತದೆ, ಪೊರೆ ಒಣಗುವುದಿಲ್ಲ. ಬಾಗಿಲು ಮೇಲೇರಿ ಮುಗಿಯುವ ಹೊತ್ತಿಗೆ ಪಿಸ್ಟನ್ ಆ ಎಣ್ಣೆಯೊಳಗೆ ಮುಳುಗುತ್ತದೆ. ರಂಧ್ರದಲ್ಲಿ ಅನಿಲ ನುಗ್ಗಿದಷ್ಟು ಸಲೀಸಾಗಿ ಎಣ್ಣೆ ನುಗ್ಗದು, ಹಾಗಾಗಿ ಕೊನೆಯ ಎರಡು ಬೆರಳಿನಷ್ಟು ದೂರವನ್ನು ಬಾಗಿಲು ಮೆತ್ತಗೆ ದಾಟುತ್ತದೆ. ತಲೆಕೆಳಗಾಗಿ ಹಾಕಿದರೆ ಇವೆರಡೂ ಇಲ್ಲ; ಸೀಲು ಒಣಗುತ್ತದೆ, ಬಾಗಿಲು ಮೇಲೆ ಹೋಗಿ ಟಣ್ಣನೆ ಬಡಿಯುತ್ತದೆ. ಕೆಲವು ಕಾರುಗಳಲ್ಲಿ ಬಾಗಿಲು ತೆರೆದಾಗ ಒಂದು ತುದಿ ಮೇಲಿದ್ದರೆ, ಮುಚ್ಚಿದಾಗ ಇನ್ನೊಂದು ತುದಿ ಮೇಲಾಗುತ್ತದೆ. ಅಂಥಲ್ಲಿ ಎಂಜಿನಿಯರುಗಳು ಒಂದನ್ನು ಆರಿಸಿಕೊಂಡಿರುತ್ತಾರೆ. ನಾವು ಜಾಣತನ ತೋರದೆ ಹಳೆಯದು ಇದ್ದ ಹಾಗೇ ಕೂರಿಸುವುದು ಸರಿ.

ಕಳಚಿದ ಹಳೆಯ ಜೋಡಿಯನ್ನು ಏನು ಮಾಡುವುದು? ಬಾಗಿಲನ್ನು ಹಿಡಿಯಲಾಗದ ಸ್ಟ್ರಟ್ಟಿನೊಳಗೂ ವಾತಾವರಣದ ನಲವತ್ತು, ಐವತ್ತು ಪಟ್ಟು ಒತ್ತಡ ಉಳಿದಿರಬಹುದು. ಹೊಸದರಲ್ಲಿ ಅಡಗಿರುವ ಶಕ್ತಿ ಐನೂರು ಜೂಲಿಗೂ ಹೆಚ್ಚು. ಐವತ್ತು ಕೆಜಿ ಅಕ್ಕಿಮೂಟೆಯನ್ನು ಸೊಂಟದೆತ್ತರಕ್ಕೆ ಎತ್ತಲು ಬೇಕಾದಷ್ಟು. ಮೂಟೆ ಎತ್ತಲು ನಮಗೆ ಒಂದೆರಡು ಸೆಕೆಂಡು ಬೇಕು, ಕೊಳವೆ ಬಿರಿದರೆ ಆ ಶಕ್ತಿಯೆಲ್ಲ ಕಣ್ಣು ಮಿಟುಕಿಸುವುದರೊಳಗೆ ಹೊರಗೆ ಬಂದು ರಾಡನ್ನು ಈಟಿಯಂತೆ ಎಸೆಯುತ್ತದೆ. ಕೊಳವೆಯ ಮೇಲೆಯೇ ತೆರೆಯಬೇಡಿ, ಕಾಯಿಸಬೇಡಿ ಎಂದು ಬರೆದಿರುತ್ತದೆ, ನಾಲ್ಕಾರು ಭಾಷೆಯಲ್ಲಿ; ಕನ್ನಡದಲ್ಲಿ ಬರೆದದ್ದು ನಾನು ಕಂಡಿಲ್ಲ. ಗುಜರಿಯವನ ಕೈಗೆ ಕೊಡುವಾಗ ‘ಒಳಗೆ ಗ್ಯಾಸ್ ಇದೆ, ಕಟ್ಟರ್ ಇಡಬೇಡ, ಬೆಂಕಿಗೆ ಹಾಕಬೇಡ’ ಎಂದು ಬಾಯಿಬಿಟ್ಟು ಹೇಳಿ. ಅವನು ನಕ್ಕು ತಲೆಯಾಡಿಸಿದರೆ, ಬದಲಾಯಿಸಿಕೊಟ್ಟ ಗ್ಯಾರೇಜಿಗೇ ಅವನ್ನು ವಾಪಸು ಕೊಡುವುದು ಕ್ಷೇಮ.